ಸ್ಲೇಡ್ ಗದ್ದಲಕ್ಕೆ ಹೊಸ ಪಾಲಿಶ್

"ರೀಮಾಸ್ಟರ್ಡ್" ಅನ್ನೋ ಪದ ಕಂಡ ಕೂಡಲೇ ನನಗೆ ಅನುಮಾನ ಶುರುವಾಗತ್ತೆ. ಹಳೇ ಮನೆಗೆ ಸುಣ್ಣ ಬಳಿದು "ಹೊಸ ಮನೆ ಬಾಡಿಗೆಗಿದೆ" ಅಂತ ಬೋರ್ಡು ನೇತುಹಾಕಿದ ಹಾಗೆ. ಸುಣ್ಣ ಬಳಿಯೋದು ತಪ್ಪಲ್ಲ ಬಿಡಿ. ಆದರೆ ಬಳಿಯೋ ಭರದಲ್ಲಿ ಕಿಟಕಿಗಳನ್ನೂ ಮುಚ್ಚಿಬಿಟ್ಟಿದ್ದರೆ?

ಇವತ್ತಿನ ತಕರಾರು ಸ್ಲೇಡ್ ಅನ್ನೋ ಇಂಗ್ಲಿಷ್ ಬ್ಯಾಂಡಿನ ಸಿಂಗಲ್‌ಗಳ ಬಗ್ಗೆ. 2020ರಲ್ಲಿ ಇವರ ಹಾಡುಗಳ ಒಂದು ದೊಡ್ಡ ಸಂಗ್ರಹ 'ಕಮ್ ಆನ್ ಫೀಲ್ ದ ಹಿಟ್ಜ್' ಅನ್ನೋ ಹೆಸರಲ್ಲಿ ಬಂತು. ಅದಕ್ಕೂ ಮುಂಚೆ ಇಂಥವು ಎಷ್ಟೋ ಬಂದಿವೆ. ಮೊದಲನೇದು 1973ರ 'ಸ್ಲೇಡೆಸ್ಟ್'. ಬ್ಯಾಂಡ್ ಉತ್ತುಂಗದಲ್ಲಿದ್ದಾಗಲೇ ಬಂದು ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ ನಂಬರ್ 1 ಆಗಿತ್ತು. ಅಲ್ಲಿಂದ ಇಲ್ಲಿಯವರೆಗೆ ಅದೇ ಹಾಡುಗಳನ್ನ ಕ್ಯಾಸೆಟ್ಟು, ಸಿ.ಡಿ., ಬಾಕ್ಸ್ ಸೆಟ್ಟು, ಸ್ಟ್ರೀಮಿಂಗ್ ಅಂತ ಮತ್ತೆ ಮತ್ತೆ ಮಾರಿದ್ದಾರೆ. ಪ್ರತೀ ಸಲ ಒಂದಲ್ಲ ಒಂದು ಪಾಲಿಶ್. ಯಾವ ಪಾಲಿಶ್ ಹಾಡನ್ನ ಉಳಿಸತ್ತೆ, ಯಾವುದು ಸವೆಸತ್ತೆ ಅನ್ನೋದೇ ನನ್ನ ಪ್ರಶ್ನೆ.

"ಯಾರಪ್ಪ ಇವರು ಸ್ಲೇಡ್?" ಅಂತ ಕೇಳೋ ಗೆಳೆಯರಿಗೆ ಸ್ವಲ್ಪ ಪೀಠಿಕೆ ಬೇಕಾಗತ್ತೆ. ಗೊತ್ತಿರೋರು ಎರಡು ಪ್ಯಾರಾ ಹಾರಿಸಿ ಮುಂದಕ್ಕೆ ಹೋಗಬಹುದು :-)

ಇಂಗ್ಲೆಂಡಿನ ನಡುಭಾಗದಲ್ಲಿ ಬರ್ಮಿಂಗ್‌ಹ್ಯಾಮ್ ಪಕ್ಕಕ್ಕೆ ಬ್ಲ್ಯಾಕ್ ಕಂಟ್ರಿ ಅಂತ ಒಂದು ಸೀಮೆ ಇದೆ. ಕಲ್ಲಿದ್ದಲು, ಕಬ್ಬಿಣ, ಕಾರ್ಖಾನೆ ಹೊಗೆಗೆ ಹೆಸರಾದ ಜಾಗ. ವುಲ್ವರ್‌ಹ್ಯಾಂಪ್ಟನ್, ವಾಲ್ಸಾಲ್, ಬಿಲ್‌ಸ್ಟನ್ ಇವೆಲ್ಲ ಅಲ್ಲಿನ ಊರುಗಳು. ಆ ಕಡೆಯ ನಾಲ್ಕು ಜನ ಕೂಲಿಕಾರರ ಕೇರಿಯ ಹುಡುಗರು: ಹಾಡೋದಕ್ಕೆ ನಾಡಿ ಹೋಲ್ಡರ್, ಗಿಟಾರಿಗೆ ಡೇವ್ ಹಿಲ್, ಬೇಸ್ ಮತ್ತು ಪಿಟೀಲಿಗೆ ಜಿಮ್ ಲೀ, ಡ್ರಮ್ಸಿಗೆ ಡಾನ್ ಪವೆಲ್. ಮೊದಲು 'ಎನ್ ಬಿಟ್ವೀನ್ಸ್' ಅಂತಿದ್ದರು, 1969ರಲ್ಲಿ 'ಆಂಬ್ರೋಸ್ ಸ್ಲೇಡ್' ಆದರು, ಆಮೇಲೆ ಬರೀ ಸ್ಲೇಡ್. ಮ್ಯಾನೇಜರ್ ಚಾಸ್ ಚಾಂಡ್ಲರ್. 'ಅನಿಮಲ್ಸ್' ಬ್ಯಾಂಡಿನಲ್ಲಿ ಬೇಸ್ ನುಡಿಸ್ತಿದ್ದವರು, ಜಿಮಿ ಹೆಂಡ್ರಿಕ್ಸ್‌ನನ್ನ ಇಂಗ್ಲೆಂಡಿಗೆ ಕರೆತಂದವರು. ಇಂಥ ಮನುಷ್ಯ ಈ ಹುಡುಗರಿಗೆ ಮೊದಲು ಮಾಡಿಸಿದ್ದು ಏನು ಗೊತ್ತಾ? ತಲೆ ಬೋಳಿಸಿ, ದಪ್ಪ ಬೂಟು ಹಾಕಿಸಿ ಸ್ಕಿನ್‌ಹೆಡ್ ವೇಷ. ಅದು ಅಷ್ಟೇನೂ ಕೈಹಿಡೀಲಿಲ್ಲ. ಕೂದಲು ಮತ್ತೆ ಬೆಳೀತು, ಬೂಟಿನ ಹಿಮ್ಮಡಿಯೂ ಬೆಳೀತು, ಮೈಮೇಲೆ ಮಿಂಚು ಬಂತು. ಅದೇ ಗ್ಲ್ಯಾಮ್ ರಾಕ್.

ಗ್ಲ್ಯಾಮ್ ಅಂದ್ರೆ ಮೂಲದಲ್ಲಿ ಟಿ.ವಿ.ಯ ಕೂಸು. ಬ್ರಿಟನ್ನಿನ ಮುಖ್ಯ ಚಾನೆಲ್ಲುಗಳಿಗೆ ಬಣ್ಣ ಬಂದಿದ್ದು 1969ರ ನವೆಂಬರಿನಲ್ಲಿ. 1971ರಲ್ಲಿ ಟಿ ರೆಕ್ಸ್‌ನ ಮಾರ್ಕ್ ಬೋಲನ್ ಕೆನ್ನೆಗೆ ಮಿಂಚು ಹಚ್ಚಿಕೊಂಡು 'ಟಾಪ್ ಆಫ್ ದ ಪಾಪ್ಸ್'ನಲ್ಲಿ ಹಾಡಿದ. 1972ರಲ್ಲಿ ಡೇವಿಡ್ ಬೋವಿ 'ಸ್ಟಾರ್‌ಮ್ಯಾನ್' ಹಾಡಿದ. ಬೋವಿಯದ್ದು ಬೇರೆ ಗ್ರಹದಿಂದ ಇಳಿದು ಬಂದವನ ಶೋಕಿ. ಸ್ಲೇಡ್‌ದು ಹಾಗಲ್ಲ, ಜಾತ್ರೆಯಲ್ಲಿ ಮಾವನ ಮಕ್ಕಳು ವೇಷ ಕಟ್ಟಿ ಕುಣಿದ ಹಾಗೆ. ಹೋಲ್ಡರ್ ತಲೆ ಮೇಲೆ ಕನ್ನಡಿ ಬಿಲ್ಲೆ ಅಂಟಿಸಿದ ಎತ್ತರದ ಟೋಪಿ. ವೇದಿಕೆ ಲೈಟು ಅದಕ್ಕೆ ಬಿದ್ದು ಜನರ ಮೇಲೆಲ್ಲ ಚಿಮ್ಮಬೇಕು ಅನ್ನೋದು ಲೆಕ್ಕ. ಡೇವ್ ಹಿಲ್ ಹಾಕ್ತಿದ್ದ ಬೆಳ್ಳಿ ಬಟ್ಟೆಗಳನ್ನ ನೋಡಿದ್ರೆ ನಮ್ಮ ಮದುವೆ ಬ್ಯಾಂಡ್‌ಸೆಟ್ಟಿನವರೂ ನಾಚಿಕೋಬೇಕು.

ಅವರ ಹಾಡುಗಳ ಹೆಸರುಗಳದ್ದೇ ಒಂದು ಕಥೆ. ಎಲ್ಲಾ ತಪ್ಪು ಕಾಗುಣಿತ! ಬ್ಲ್ಯಾಕ್ ಕಂಟ್ರಿಯ ಬಾಯಿ ಹೇಗೆ ಆಡತ್ತೋ ಹಾಗೇ ಬರೆದರು. 'ಬಿಕಾಸ್ ಐ ಲವ್ ಯೂ' ಅಂತಿದ್ದದ್ದು ತೀರಾ ಮೆತ್ತಗಾಯ್ತು ಅನ್ನಿಸಿ 'ಕಾಸ್ ಐ ಲವ್ ಯೂ' ಆಯ್ತು, ಅದೂ ಇಂಗ್ಲಿಷ್ ಮೇಷ್ಟರು ಕೆಂಪು ಶಾಯಿ ಖಾಲಿ ಮಾಡುವಂಥ ಅಕ್ಷರಗಳಲ್ಲಿ. ಮಕ್ಕಳ ಸ್ಪೆಲಿಂಗ್ ಹಾಳಾಗತ್ತೆ ಅಂತ ಶಾಲೆಯವರು ನಿಜವಾಗ್ಲೂ ದೂರಿದ್ದರು. ಇಲ್ಲೊಂದು ತಮಾಷೆ ಗಮನಿಸಿ. ಈ ಹೆಸರುಗಳನ್ನ ಕನ್ನಡ ಲಿಪಿಯಲ್ಲಿ ಬರೆದರೆ ಅರ್ಧ ಜೋಕು ಮಾಯ. ಯಾಕಂದ್ರೆ ನಾವು ಹೇಳಿದ್ದನ್ನೇ ಬರೀತೀವಿ, ತಪ್ಪು ಮಾಡೋಕೆ ಜಾಗವೇ ಇಲ್ಲ. ಆದರೆ 'ಟೇಕ್ ಮಿ ಬ್ಯಾಕ್ ಓಮ್' ನೋಡಿ. ಹೋಮ್ ಅಲ್ಲ, ಓಮ್. ಹಕಾರ ಬಿದ್ದುಹೋಗಿದೆ. ಇದು ಮಾತ್ರ ನಮಗೆ ಸರಿಯಾಗಿ ಅರ್ಥ ಆಗತ್ತೆ. ಹಾಲು ಆಲಾಗೋದು, ಹಸು ಅಸುವಾಗೋದು ನಮ್ಮ ಹಳೇ ಮೈಸೂರು ಸೀಮೆಯಲ್ಲೇ ಇದೆಯಲ್ಲ. ಜಿ.ಪಿ. ರಾಜರತ್ನಂ ಹೆಂಡದ ಹ ಕಿತ್ತು 'ಎಂಡ್ಕುಡುಕ ರತ್ನ' ಅಂತ ಬರೆದಾಗ ಮಡಿವಂತರು ಮೂಗು ಮುರಿದಿರಬಹುದು, ಓದೋರು ಮಾತ್ರ ಬಾಯಿಪಾಠ ಮಾಡಿಕೊಂಡರು. ಸ್ಲೇಡ್ ಹಾಡುಗಳಿಗೂ ಅದೇ ಯೋಗ.

1971ರ ಅಕ್ಟೋಬರಿಂದ 1973ರ ಡಿಸೆಂಬರಿನವರೆಗೆ ಆರು ನಂಬರ್ 1 ಸಿಂಗಲ್ಲುಗಳು. 1973ರಲ್ಲಂತೂ 'ಕಮ್ ಆನ್ ಫೀಲ್ ದ ನಾಯ್ಜ್', 'ಸ್ಕ್ವೀಜ್ ಮಿ ಪ್ಲೀಜ್ ಮಿ', 'ಮೆರಿ ಕ್ರಿಸ್‌ಮಸ್ ಎವ್ರಿಬಡಿ' ಮೂರೂ ಬಿಡುಗಡೆಯಾದ ವಾರವೇ ನೇರ ಮೊದಲನೇ ಸ್ಥಾನಕ್ಕೆ. ಅದಕ್ಕೆ ಹಿಂದೆ ಹಾಗೆ ನೇರವಾಗಿ ಹೋಗಿ ಕೂತಿದ್ದು 1969ರಲ್ಲಿ ಬೀಟಲ್ಸ್ ಹಾಡು.

ಪೀಠಿಕೆ ಮುಗೀತು. ಈಗ ವಿಷಯ.

ಸಿಂಗಲ್ ಅಂದ್ರೆ ಬರೀ ಹಾಡಲ್ಲ, ಒಂದು ವಸ್ತು. ಏಳು ಇಂಚಿನ ಪ್ಲೇಟು, ನಿಮಿಷಕ್ಕೆ 45 ಸುತ್ತು, ಒಂದು ಬದಿಗೆ ಸುಮಾರು ಮೂರು-ನಾಲ್ಕು ನಿಮಿಷ. ಇದನ್ನ ಕೇಳ್ತಿದ್ದದ್ದು ಎಲ್ಲಿ? ಹದಿನಾಲ್ಕು ವರ್ಷದ ಹುಡುಗಿಯ ರೂಮಿನಲ್ಲಿ, ಒಂದೇ ಸ್ಪೀಕರ್ ಇರೋ ಪುಟ್ಟ ಪೆಟ್ಟಿಗೆ ಪ್ಲೇಯರಿನಲ್ಲಿ. ಪಬ್ಬಿನ ಜೂಕ್‌ಬಾಕ್ಸಿನಲ್ಲಿ. ಅದಕ್ಕಿಂತ ಹೆಚ್ಚಾಗಿ ರೇಡಿಯೋದಲ್ಲಿ. ಆಗಿನ ಬಿಬಿಸಿ ರೇಡಿಯೋ 1 ಬರ್ತಿದ್ದದ್ದು 247 ಮೀಟರ್ ಮೀಡಿಯಂ ವೇವಿನಲ್ಲಿ. ನಮ್ಮ ಆಕಾಶವಾಣಿಯ 612 ಕಿಲೋಹರ್ಟ್ಜ್ ಕೇಳಿ ಬೆಳೆದವರಿಗೆ ಆ ದನಿಯ ಗುಣ ಹೇಳಿಕೊಡಬೇಕಾಗಿಲ್ಲ. ಕೆಳಗಿನ ಗುಡುಗೂ ಇಲ್ಲ, ಮೇಲಿನ ಮಿಣಿಮಿಣಿಯೂ ಇಲ್ಲ, ನಡುವೆ ಇರೋದಷ್ಟೇ. ಜೊತೆಗೆ ಒಂದಿಷ್ಟು ಗೊರಗೊರ.

ಚಾಂಡ್ಲರ್ ಮತ್ತು ಸ್ಲೇಡ್ ಈ ಸಣ್ಣ ಕಿಂಡಿಯಿಂದ ತೂರಿ ಬರೋ ಹಾಗೆ ಹಾಡು ಕಟ್ಟಿದರು. ನುಡಿಸೋದು ವೇದಿಕೆ ಮೇಲೆ ನುಡಿಸಿದಂತೆಯೇ, ಜಾಸ್ತಿ ತಿದ್ದೋದಿಲ್ಲ, ಜಾಸ್ತಿ ದಿನ ತಗೊಳ್ಳೋದಿಲ್ಲ. ಮೇಲೆ ಬೂಟುಗಾಲಿನ ತುಳಿತ, ಚಪ್ಪಾಳೆ. 'ಕಾಸ್ ಐ ಲವ್ ಯೂ' ಕೇಳಿದ್ದೀರಾ? ಜಿಮ್ ಲೀ ಪಿಟೀಲು ತಗೊಂಡು ಹೋಲ್ಡರ್ ಮನೆಗೆ ಹೋದ, ಇಬ್ಬರೂ ಕೂತು ಅರ್ಧ ಗಂಟೆಯಲ್ಲಿ ಹಾಡು ಮಾಡಿದರು ಅಂತ ಪ್ರಸಿದ್ಧ ಕಥೆ. ಜಾಂಗೋ ರೈನ್‌ಹಾರ್ಟ್ ಮತ್ತು ಸ್ಟೆಫಾನ್ ಗ್ರಾಪೆಲಿಯ ಹಳೇ ಜಾಝ್ ಗಿಟಾರ್-ಪಿಟೀಲು ಜೋಡಿಯ ನೆರಳು ಅದರಲ್ಲಿದೆ. ರಾಗ ನಿಜವಾಗ್ಲೂ ಮೆತ್ತಗಿದೆ. ಅದನ್ನ ಗಟ್ಟಿ ಮಾಡಿದ್ದು ಆ ತುಳಿತ, ಚಪ್ಪಾಳೆ ಮತ್ತು ಹೋಲ್ಡರ್ ಗಂಟಲು. ಮೂರೂ ನಡುಭಾಗದ ದನಿಗಳು. ಮೀಡಿಯಂ ವೇವಿನಲ್ಲಿ ಸಲೀಸಾಗಿ ಬರುವಂಥವು. ಇದು ಅದೃಷ್ಟ ಅಲ್ಲ, ಎಂಜಿನಿಯರಿಂಗ್ ಅಂತ ನನ್ನ ವಾದ. ನಿಮ್ಮ ಪ್ರೋಗ್ರಾಮು ಯಾವ ಮೆಷಿನ್ ಮೇಲೆ ಓಡಬೇಕೋ ಅದಕ್ಕೆ ತಕ್ಕ ಹಾಗೆ ಬರೆಯೋದು.

ಮಾಸ್ಟರಿಂಗ್ ಅನ್ನೋದು ಇದರ ಕೊನೇ ಹಂತ. ಸ್ಟುಡಿಯೋದಲ್ಲಿ ಹತ್ತಾರು ಟ್ರ್ಯಾಕ್‌ಗಳಲ್ಲಿ ಮುದ್ರಿಸಿದ್ದನ್ನ ಕೂಡಿಸಿ ಎರಡು ಟ್ರ್ಯಾಕಿಗೆ ಇಳಿಸೋದು ಮಿಕ್ಸಿಂಗ್. ಆ ಎರಡು ಟ್ರ್ಯಾಕಿನ ಟೇಪನ್ನ ಪ್ಲೇಟಿಗೋ ಸಿ.ಡಿ.ಗೋ ಹೊಂದಿಸೋದು ಮಾಸ್ಟರಿಂಗ್. ಪ್ಲೇಟಿನ ಕಾಲದಲ್ಲಿ ಇದು ಅಪ್ಪಟ ಮೆಕ್ಯಾನಿಕಲ್ ಕೆಲಸ. ಬೇಸ್ ಜಾಸ್ತಿಯಾದ್ರೆ ಗೀರು ಅಗಲವಾಗತ್ತೆ, ಜಾಗ ಸಾಲೋದಿಲ್ಲ, ಇಲ್ಲಾ ಮುಳ್ಳು ಹಾರತ್ತೆ. ಹಾಗಾಗಿ ಬೇಸನ್ನ ತಗ್ಗಿಸಿ ಕೆತ್ತಬೇಕು, ಪ್ಲೇಯರ್ ಅದನ್ನ ವಾಪಸ್ ಏರಿಸಿಕೊಳ್ಳಬೇಕು. ಆಗಲೂ ಜೋರು ಬೇಕಿತ್ತು ಅನ್ನಿ. ಜೂಕ್‌ಬಾಕ್ಸಿನಲ್ಲಿ ಪಕ್ಕದ ಪ್ಲೇಟಿಗಿಂತ ನಮ್ಮದು ಮೆತ್ತಗೆ ಕೇಳಿದ್ರೆ ಹೇಗೆ! ಆದರೆ ಎಷ್ಟು ಜೋರು ಅನ್ನೋದಕ್ಕೆ ಗೀರೇ ಬೇಲಿ ಹಾಕ್ತಿತ್ತು. ಹಟ ಮಾಡಿದ್ರೆ ಮುಳ್ಳು ಹಾರಿ ಮರ್ಯಾದೆ ತೆಗೀತಿತ್ತು.

ರೀಮಾಸ್ಟರ್ ಅಂದ್ರೆ ಆ ಎರಡು ಟ್ರ್ಯಾಕಿನ ಟೇಪಿಗೆ ವಾಪಸ್ ಹೋಗಿ ಕೊನೇ ಹಂತವನ್ನ ಮತ್ತೆ ಮಾಡೋದು. ರೀಮಿಕ್ಸ್ ಬೇರೆ. ಅದರಲ್ಲಿ ಬಿಡಿಬಿಡಿ ಟ್ರ್ಯಾಕುಗಳನ್ನ ಹೊಸದಾಗಿ ಕೂಡಿಸ್ತಾರೆ. 1997ರಲ್ಲಿ ಇಗ್ಗಿ ಪಾಪ್ ತನ್ನದೇ ಹಳೇ 'ರಾ ಪವರ್' ಆಲ್ಬಮನ್ನ ರೀಮಿಕ್ಸ್ ಮಾಡಿ, ಸೂಜಿ ಕೆಂಪು ಗೆರೆ ದಾಟಿ ಕೂರೋ ಹಾಗೆ ಜೋರು ಮಾಡಿದ್ದು ಇವತ್ತಿಗೂ ಜಗಳದ ವಿಷಯ. ನಮ್ಮ ಭಾಷೇಲಿ ಹೇಳೋದಾದ್ರೆ ರೀಮಾಸ್ಟರ್ ಅಂದ್ರೆ ಹಳೇ ಕೋಡನ್ನ ಹೊಸ ಕಂಪೈಲರಿನಲ್ಲಿ ಬಿಲ್ಡ್ ಮಾಡಿದ ಹಾಗೆ, ರೀಮಿಕ್ಸ್ ಅಂದ್ರೆ ಕೋಡನ್ನೇ ತಿದ್ದಿ ಬರೆದ ಹಾಗೆ. ಎರಡಕ್ಕೂ ಒಂದೇ ಸ್ಟಿಕರ್ ಅಂಟಿಸಿ ಮಾರೋದು ಕಂಡ್ರೆ ನನಗೆ ಮೈ ಉರಿಯತ್ತೆ.

ಒಳ್ಳೆ ರೀಮಾಸ್ಟರ್ ಪುಣ್ಯದ ಕೆಲಸ. ಟೇಪು ಶಾಶ್ವತ ಅಲ್ಲ. ಎಪ್ಪತ್ತರ ದಶಕದ ಎಷ್ಟೋ ಟೇಪುಗಳಲ್ಲಿ ಅಂಟು ತೇವ ಹೀರಿಕೊಂಡು ಜಿಗುಟಾಗತ್ತೆ, ಹಾಕಿ ಓಡಿಸಿದ್ರೆ ಹಾಡೇ ಕಿತ್ತು ಬರತ್ತೆ. ಅದನ್ನ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ "ಬೇಯಿಸಿ", ಆರಿಸಿ, ಆಮೇಲೆ ಒಂದೆರಡು ಸಲ ಮಾತ್ರ ಓಡಿಸಿ ಕಾಪಿ ಮಾಡ್ಕೋತಾರೆ. ಹಪ್ಪಳ ಒಣಗಿಸಿದ ಹಾಗೆ, ಸ್ವಲ್ಪ ಹೆಚ್ಚುಕಮ್ಮಿಯಾದ್ರೂ ಹೋಯ್ತು. ಇನ್ನೊಂದು ಲಾಭ ಹೇಳ್ತೀನಿ. ಮೊದಮೊದಲ ಸಿ.ಡಿ.ಗಳನ್ನ ಎಷ್ಟೋ ಕಡೆ ಮೂಲ ಟೇಪಿನಿಂದ ಮಾಡದೆ, ಕಾಪಿಯ ಕಾಪಿಯಿಂದ ಮಾಡಿದ್ದರು. ಮೂಲಕ್ಕೆ ಹೋದಾಗ ಜಿಮ್ ಲೀಯ ಬೇಸ್ ಕೇಳಿಸತ್ತೆ. ಈ ಮನುಷ್ಯ ಬೇಸನ್ನ ಹಿಂದೆ ನಿಂತು ದಬ್ ದಬ್ ಅಂತ ನುಡಿಸೋನಲ್ಲ. 'ಗುಡ್‌ಬೈ ಟಿ ಜೇನ್'ನಲ್ಲಿ ಅದು ಹಾಡಿನ ಒಳಗೊಂದು ಹಾಡಾಗಿ ಓಡ್ತಿರತ್ತೆ. ಪುಟ್ಟ ಪೆಟ್ಟಿಗೆ ಪ್ಲೇಯರಿನಲ್ಲಿ ಕೇಳಿದ ಆಗಿನ ಮಕ್ಕಳಿಗೆ ಅದು ಸಿಕ್ಕಿರೋದು ಕಷ್ಟ. ನಮಗೆ ಸಿಕ್ಕಿದೆ.

ಕೆಟ್ಟ ರೀಮಾಸ್ಟರ್ ಅಂದ್ರೆ ಏನು? ನನ್ನ ಹತ್ತಿರ ಸ್ಲೇಡ್ ಹಾಡುಗಳ ಎರಡು ಬೇರೆ ಬೇರೆ ಕಾಲದ ಸಿ.ಡಿ. ಇವೆ. ಕಂಪನಿ ಹೆಸರು ಬೇಡ. ಒಂದೇ ಹಾಡನ್ನ ಎರಡರಿಂದಲೂ ಕಂಪ್ಯೂಟರಿಗೆ ಹಾಕಿ ಅಡಾಸಿಟಿಯಲ್ಲಿ ತೆರೆದು ನೋಡಿ. ಹಳೇದರಲ್ಲಿ ಅಲೆ ಅಲೆಯಾಗಿ ಏರಿಳಿತ ಇದೆ, ಡ್ರಮ್ ಬಿದ್ದ ಕಡೆಯಲ್ಲೆಲ್ಲ ಮುಳ್ಳಿನ ಹಾಗೆ ಎದ್ದು ನಿಂತಿದೆ. ಹೊಸದು? ಇಟ್ಟಿಗೆ. ಮೊದಲಿಂದ ಕೊನೇವರೆಗೆ ಒಂದೇ ಎತ್ತರದ ಇಟ್ಟಿಗೆ ಗೋಡೆ. ಸಿ.ಡಿ.ಯಲ್ಲಿ ಸುಮಾರು 96 ಡೆಸಿಬೆಲ್ ಜಾಗ ಇರತ್ತೆ, ಪ್ಲೇಟಿನಲ್ಲಿ ಕನಸಿನಲ್ಲೂ ಸಿಗದ ಜಾಗ. ಅಷ್ಟು ದೊಡ್ಡ ಬಯಲು ಕೊಟ್ಟರೆ ಇವರು ಹೋಗಿ ಸೂರಿನ ಕೆಳಗಿನ ಒಂದು ಗೇಣಿನಲ್ಲಿ ಎಲ್ಲರನ್ನೂ ತುರುಕಿದ್ದಾರೆ.

ಇದನ್ನ ಮಾಡೋದು ಲಿಮಿಟರ್. ಎದ್ದು ನಿಂತ ಮುಳ್ಳುಗಳ ತಲೆ ಸವರಿ, ಆಮೇಲೆ ಇಡೀ ಹಾಡನ್ನ ಮೇಲಕ್ಕೆತ್ತೋದು. ಯಾಕೆ ಮಾಡ್ತಾರೆ ಅಂದ್ರೆ, ನಮ್ಮ ಕಿವಿಗೆ ಒಂದು ದುರಭ್ಯಾಸ ಇದೆ. ಎರಡು ಹಾಡು ಪಕ್ಕಪಕ್ಕ ಕೇಳಿಸಿದ್ರೆ ಒಂಚೂರು ಜೋರಿರೋದೇ "ಚೆನ್ನಾಗಿದೆ" ಅನ್ನಿಸತ್ತೆ. ಜೋರು ಕಮ್ಮಿಯಾದಷ್ಟೂ ಕಿವಿಗೆ ಬೇಸ್ ಕಮ್ಮಿ ಕೇಳಿಸತ್ತೆ ಅನ್ನೋದನ್ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಅಂಗಡಿಯಲ್ಲಿ ಹತ್ತು ಸೆಕೆಂಡು ಕೇಳಿದ ಗಿರಾಕಿ ಹೊಸ ಸಿ.ಡಿ. ವಾಹ್ ಅಂತಾನೆ. ಮನೇಲಿ ಇಪ್ಪತ್ತು ಹಾಡು ಸಾಲಾಗಿ ಕೇಳಿದ ಮೇಲೆ ತಲೆ ಯಾಕೆ ಭಾರ ಅಂತ ಅವನಿಗೇ ಗೊತ್ತಾಗಲ್ಲ.

ಯಕ್ಷಗಾನ ನೋಡೋರಿಗೆ ಇದನ್ನ ವಿವರಿಸೋದು ಬಹಳ ಸುಲಭ. ಚೆಂಡೆಯ ಮಜಾ ಇರೋದು ಅದು ಯಾವಾಗ ಬೀಳತ್ತೆ ಅನ್ನೋದರಲ್ಲಿ. ಭಾಗವತರು ಮೆಲ್ಲಗೆ ಪದ ಎತ್ತಿಕೊಂಡು, ಬರೀ ಮದ್ದಳೆ ಜೊತೆ ಹೋಗ್ತಾ ಇದ್ದು, ರಾಕ್ಷಸ ಬರೋ ಹೊತ್ತಿಗೆ ಚೆಂಡೆ ಬಿತ್ತು ಅನ್ನಿ, ನಿದ್ದೆ ಹೋದ ಮಗೂನೂ ಎದ್ದು ಕೂರತ್ತೆ. ಮೈಕಿನವನು ಮದ್ದಳೆ, ಭಾಗವತರು, ಚೆಂಡೆ ಮೂರನ್ನೂ ಒಂದೇ ಎತ್ತರಕ್ಕೆ ತಂದುಬಿಟ್ಟರೆ? ರಾಕ್ಷಸ ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ.

ಒಬ್ಬ ಸಹೋದ್ಯೋಗಿ ಇದಕ್ಕೆ ಒಳ್ಳೇ ಆಕ್ಷೇಪ ಎತ್ತಿದ. "ಮಾರಾಯಾ, ಆ ಬ್ಯಾಂಡೇ ಗದ್ದಲದ್ದು. ಅವರ ಹಾಡಿನ ಹೆಸರಲ್ಲೇ ಗದ್ದಲ ಇದೆ. ಅದನ್ನ ಜೋರು ಮಾಡಿದ್ರೆ ನಿಂಗೇನು ಕಷ್ಟ? ಇದೇನು ಭೀಮಸೇನ ಜೋಶಿ ಅಲಾಪನಾ?" ಅಂದ. ಮಾತು ಸರಿ ಅನ್ನಿಸೋ ಹಾಗೇ ಇದೆ. ಆದರೆ ನೋಡಿ, ಗದ್ದಲದ ಹಾಡಿಗೇ ಇದರಿಂದ ಹೆಚ್ಚು ಪೆಟ್ಟು. 'ಮಾಮಾ ವಿ ಆರ್ ಆಲ್ ಕ್ರೇಜಿ ನೌ'ನಲ್ಲಿ ಡಾನ್ ಪವೆಲ್ ಹೊಡೆಯೋ ಏಟು ಗಿಟಾರಿಗಿಂತ ಮೇಲಕ್ಕೆ ಚಿಮ್ಮಿದಾಗಲೇ ಕಾಲು ತಾನಾಗಿ ನೆಲ ಕುಟ್ಟೋದು. ತಲೆ ಸವರಿದ ಮೇಲೆ ಏಟಿನ ಜಾಗದಲ್ಲಿ ಬರೀ "ಪತ್". ಜೋರಿದೆ, ಪೆಟ್ಟಿಲ್ಲ. ವಾಲ್ಯೂಮ್ ಬೇಕಾದವರು ಗುಂಡಿ ತಿರುಗಿಸಿಕೊಳ್ಳಬಹುದು. ಕಳೆದುಹೋದ ಏಟನ್ನ ವಾಪಸ್ ತರೋ ಗುಂಡಿ ಮಾತ್ರ ಯಾರ ಮನೆಯಲ್ಲೂ ಇಲ್ಲ.

ಅಲ್ಲದೆ ಸ್ಲೇಡ್ ಬರೀ ಗದ್ದಲ ಅನ್ನೋದೇ ಸುಳ್ಳು. 1974ರ 'ಎವ್ರಿಡೇ' ಪಿಯಾನೋ ಇಟ್ಟುಕೊಂಡು ಹಾಡಿದ ಪ್ರೇಮಗೀತೆ. ಅದೇ ವರ್ಷದ 'ಫಾರ್ ಫಾರ್ ಅವೇ' ಊರೂರು ಅಲೆದವನ ಮನೆಯ ನೆನಪು. 1975ರ 'ಹೌ ಡಸ್ ಇಟ್ ಫೀಲ್' ಅವರ 'ಸ್ಲೇಡ್ ಇನ್ ಫ್ಲೇಮ್' ಸಿನಿಮಾದ ಹಾಡು. ಶುರುವಿನಲ್ಲಿ ಒಂಟಿ ಪಿಯಾನೋ. ಆಮೇಲೆ ನಿಧಾನಕ್ಕೆ ಕಹಳೆಗಳು ಸೇರಿ ಸೇರಿ ಎಲ್ಲೋ ಮೇಲಕ್ಕೆ ಹೋಗತ್ತೆ. ನನ್ನ ಪ್ರಕಾರ ಅವರ ಅತ್ಯುತ್ತಮ ಹಾಡು, ಆದರೆ ಪಟ್ಟಿಯಲ್ಲಿ ಏರಿದ್ದು 15ರವರೆಗೆ ಮಾತ್ರ. ಇಟ್ಟಿಗೆ ಮಾಡಿದ ಪ್ರತಿಯಲ್ಲಿ ಆ ಒಂಟಿ ಪಿಯಾನೋ ಕೊನೆಯ ಕಹಳೆಯಷ್ಟೇ ಜೋರಾಗಿ ಶುರುವಾಗತ್ತೆ. ಮೇಲಕ್ಕೆ ಹೋಗೋಕೆ ಮೆಟ್ಟಿಲೇ ಇಲ್ಲ. (ಆ ಸಿನಿಮಾವನ್ನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನವರು 2025ರಲ್ಲಿ ಮತ್ತೆ ಥಿಯೇಟರಿಗೆ ತಂದರು. ಪಾಪ್ ಬ್ಯಾಂಡಿನ ಸಿನಿಮಾ ಅಂದ್ರೆ ಕುಣಿತ-ನಗು ಇರತ್ತೆ ಅಂತ ಹೋದವರಿಗೆ ಮ್ಯಾನೇಜರುಗಳ ಕ್ರೌರ್ಯ, ಒಡೆದ ಸ್ನೇಹದ ಕಥೆ. ಸಿಕ್ಕಿದ್ರೆ ಬಿಡಬೇಡಿ.)

ಇನ್ನು ಡಾನ್ ಪವೆಲ್ ವಿಷಯ. ಇದನ್ನ ಹೇಳದೆ 1973ರ ಸಿಂಗಲ್‌ಗಳ ಬಗ್ಗೆ ಮಾತಾಡೋದು ನನಗೆ ಸರಿ ಕಾಣಲ್ಲ. ಆ ವರ್ಷ ಜುಲೈ 4ರಂದು ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಅವರ ಕಾರು ಅಪಘಾತಕ್ಕೆ ಸಿಕ್ಕಿತು. ಜೊತೆಗಿದ್ದ ಪ್ರೇಯಸಿ ತೀರಿಕೊಂಡಳು. ಪವೆಲ್ ಕೆಲವು ದಿನ ಕೋಮಾದಲ್ಲಿದ್ದು ಬದುಕಿಕೊಂಡರು. ಆದರೆ ವಾಸನೆ, ರುಚಿ ಹೋಯ್ತು, ನೆನಪಿನ ಶಕ್ತಿಗೆ ದೊಡ್ಡ ಪೆಟ್ಟಾಯ್ತು. ಒಪ್ಪಿಕೊಂಡ ಕಾರ್ಯಕ್ರಮಕ್ಕೆ ಜಿಮ್ ಲೀಯ ಸೋದರ ಫ್ರ್ಯಾಂಕ್ ಡ್ರಮ್ಸ್ ನುಡಿಸಿ ಕೊಟ್ಟ. ಅದಾಗಿ ಕೆಲವೇ ವಾರಕ್ಕೆ ಅಮೆರಿಕಾ ಪ್ರವಾಸ. ಅಲ್ಲಿ ನ್ಯೂಯಾರ್ಕಿನ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋದಲ್ಲಿ, ಬೆವರು ಸುರಿಯೋ ಬೇಸಿಗೆಯಲ್ಲಿ, ಮುದ್ರಿಸಿದ್ದು ಯಾವ ಹಾಡು? 'ಮೆರಿ ಕ್ರಿಸ್‌ಮಸ್ ಎವ್ರಿಬಡಿ'! ಹಾಡಿನ ಹಾರ್ಮೋನಿಯಂ ಜಾನ್ ಲೆನನ್ ಅದೇ ಸ್ಟುಡಿಯೋದಲ್ಲಿ ಬಳಸಿದ್ದು. ಪಲ್ಲವಿಗೆ ದೊಡ್ಡ ಗುಂಪು ಹಾಡಿದ ಹಾಗೆ ಕೇಳಿಸಲಿ ಅಂತ ಕಟ್ಟಡದ ಕಾರಿಡಾರಿನಲ್ಲಿ ನಿಂತು ಹಾಡಿದರು. ಪಲ್ಲವಿಯ ರಾಗ ಹೋಲ್ಡರ್ 1967ರಲ್ಲಿ ಬರೆದು ಬಿಸಾಕಿದ್ದ ಬೇರೇನೋ ಹಾಡಿನದ್ದು.

ಆ ಡಿಸೆಂಬರಿನಲ್ಲಿ ಬ್ರಿಟನ್ ಕತ್ತಲಲ್ಲಿತ್ತು. ತೈಲದ ಬಿಕ್ಕಟ್ಟು, ಕಲ್ಲಿದ್ದಲು ಗಣಿಗಾರರ ಜಗಳ, ಕರೆಂಟ್ ಉಳಿಸೋಕೆ ಜನವರಿಯಿಂದ ವಾರಕ್ಕೆ ಮೂರೇ ದಿನ ಕಾರ್ಖಾನೆ ಅಂತ ಸರ್ಕಾರ ಹೇಳಿಯಾಗಿತ್ತು. ಅಂಥ ಹೊತ್ತಿನಲ್ಲಿ ಈ ಹಾಡು ನಂಬರ್ 1. ಇವತ್ತಿಗೂ ಪ್ರತೀ ಡಿಸೆಂಬರ್ ಅಲ್ಲಿನ ಅಂಗಡಿಗಳಲ್ಲಿ ತಪ್ಪದೆ ಕೇಳಿಬರತ್ತೆ. ಈಗ ಹೇಳಿ, ಆ ಟೇಪಿನಲ್ಲಿ ಇರೋದು ಏನು? ತನ್ನ ಹಾಡುಗಳನ್ನೇ ಮರೆತು ಮತ್ತೆ ಕಲಿಯುತ್ತಿದ್ದ ಒಬ್ಬ ಮನುಷ್ಯನ ಕೈ ಎಷ್ಟು ಜೋರಾಗಿ, ಎಷ್ಟು ಮೆಲ್ಲಗೆ ಬಿತ್ತು ಅನ್ನೋದರ ಒಂದೇ ದಾಖಲೆ. ಅವನ ಏಟುಗಳನ್ನ ಒಂದೇ ಎತ್ತರಕ್ಕೆ ಕತ್ತರಿಸೋಕೆ ಯಾರಿಗಾದರೂ ಮನಸ್ಸಾದರೂ ಹೇಗೆ ಬರತ್ತೆ?

ಸ್ವಲ್ಪ ಜಾಸ್ತಿ ಭಾವುಕನಾದೆ ಅನ್ಸತ್ತೆ. ಮುಂದಕ್ಕೆ ಹೋಗೋಣ.

ಜೋರಿನ ಹುಚ್ಚು ಬರೀ ಹಳೇ ಹಾಡಿಗೆ ಅಂಟಿದ ರೋಗ ಅಲ್ಲ. 1995ರ ಓಯಸಿಸ್ ಆಲ್ಬಮ್ 'ಮಾರ್ನಿಂಗ್ ಗ್ಲೋರಿ' ಈ ಓಟಕ್ಕೆ ವೇಗ ಕೊಟ್ಟಿದ್ದು ಅಂತಾರೆ. (ಅದೇ ಓಯಸಿಸ್ 1996ರಲ್ಲಿ ಸ್ಲೇಡ್‌ನ 'ಕಮ್ ಆನ್ ಫೀಲ್ ದ ನಾಯ್ಜ್' ಹಾಡಿ ತಮ್ಮ ಸಿಂಗಲ್ಲಿನ ಹಿಂಬದಿಗೆ ಹಾಕಿಕೊಂಡರು.) 2008ರಲ್ಲಿ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಬಂದಾಗ ಅಭಿಮಾನಿಗಳೇ ತಿರುಗಿಬಿದ್ದರು. 'ಗಿಟಾರ್ ಹೀರೋ' ಅನ್ನೋ ಆಟದಲ್ಲಿ ಅದೇ ಹಾಡುಗಳು ಕಮ್ಮಿ ಹಿಂಡಿದ ರೂಪದಲ್ಲಿ ಇದ್ದವು. ಕಾಸು ಕೊಟ್ಟು ಕೊಂಡ ಸಿ.ಡಿ.ಗಿಂತ ಮಕ್ಕಳ ಆಟದ ಸಾಮಾನಿನಲ್ಲಿ ಹಾಡು ಚೆನ್ನಾಗಿದೆ ಅಂತ ಗೊತ್ತಾದ್ರೆ ಯಾರಿಗೆ ತಾನೇ ಸಿಟ್ಟು ಬರಲ್ಲ?

ನಗು ಬರೋ ವಿಷಯ ಅಂದ್ರೆ, ಈಗ ಈ ಜೋರಿನಿಂದ ವ್ಯಾಪಾರಕ್ಕೂ ಲಾಭ ಇಲ್ಲ. ಸ್ಪಾಟಿಫೈ ತನ್ನ ಹಾಡುಗಳನ್ನೆಲ್ಲ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ ಅನ್ನೋ ಒಂದು ಮಟ್ಟಕ್ಕೆ ತಂದು ಕೇಳಿಸತ್ತೆ. ಯೂಟ್ಯೂಬ್ ಕೂಡ ಜೋರಿದ್ದದ್ದನ್ನ ತಗ್ಗಿಸತ್ತೆ. ನೀವು ಹಿಂಡಿ ಹಿಂಡಿ ಎತ್ತಿದ್ದನ್ನ ಅವರು ಒಂದೇ ಗುಣಾಕಾರದಲ್ಲಿ ಕೆಳಗಿಳಿಸ್ತಾರೆ. ಉಳಿಯೋದು ಹಿಂಡಿದ ಸಿಪ್ಪೆ ಮಾತ್ರ. ಅದೇ ಮಟ್ಟದಲ್ಲಿ ಹಿಂಡದೇ ಬಿಟ್ಟ ಹಾಡು ಪಕ್ಕದಲ್ಲಿ ಜೀವಂತವಾಗಿ ಕುಣೀತಿರತ್ತೆ. ಆದರೂ ಅಭ್ಯಾಸ ಬಿಡೋರು ಕಮ್ಮಿ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಹಳೇ ಹಿಂದಿ ಹಾಡುಗಳಿಗೆ 'ಝಂಕಾರ್ ಬೀಟ್ಸ್' ಸೇರಿಸಿ ಕ್ಯಾಸೆಟ್ ಮಾರಿದ್ದು ನೆನಪಿದೆಯಲ್ಲ. ಕಿಶೋರ್ ಕುಮಾರ್ ಪಾಡಿಗೆ ಅವರು ಹಾಡ್ತಿದ್ದರೆ ಮೇಲಿಂದ ಯಾರೋ ಡಬ್ಬ ಬಡಿಯೋರು. ಅದರಲ್ಲಿ ಕನಿಷ್ಠ ಪ್ರಾಮಾಣಿಕತೆ ಇತ್ತು, ಕವರ್ ಮೇಲೇ ಬರೆದಿರೋರು. ಇಲ್ಲಿ ಒಳಗಿನ ಏಟು ಕದ್ದು "ಸುಧಾರಿಸಿದ್ದೇವೆ" ಅಂತಾರೆ.

ಎರಡನೇ ತಕರಾರು, ಸಣ್ಣದು. ಸಿಂಗಲ್‌ಗಳ ಸಂಗ್ರಹ ಅಂದ ಮೇಲೆ ಬಿಡುಗಡೆಯಾದ ಕ್ರಮದಲ್ಲೇ ಇರಬೇಕು. ಹಿಟ್ ಆದದ್ದೆಲ್ಲ ಮುಂದಕ್ಕೆ, ಸೋತದ್ದು ಹಿಂದಕ್ಕೆ ಅಂತ ಜೋಡಿಸಿದ್ರೆ ಅದು ಮದುವೆ ಮನೆ ಆರ್ಕೆಸ್ಟ್ರಾ ಪಟ್ಟಿ. ಸ್ಲೇಡ್ ಕಥೆ ಇರೋದೇ ಕ್ರಮದಲ್ಲಿ. 1971ರ 'ಗೆಟ್ ಡೌನ್ ಅಂಡ್ ಗೆಟ್ ವಿತ್ ಇಟ್' 16ನೇ ಸ್ಥಾನದಿಂದ ಶುರುವಾಗಿ ಸಾಲಾಗಿ ಹದಿನೇಳು ಸಿಂಗಲ್ ಮೊದಲ ಇಪ್ಪತ್ತರೊಳಗೆ. ಆಮೇಲೆ ಅಮೆರಿಕಾ ಗೆಲ್ತೀವಿ ಅಂತ ಅಲ್ಲಿಗೆ ಹೋಗಿ ಕೂತರು, ಅಲ್ಲೂ ಗೆಲ್ಲಲಿಲ್ಲ, ವಾಪಸ್ ಬರೋ ಹೊತ್ತಿಗೆ ಇಲ್ಲಿ ಪಂಕ್ ಬಂದಾಗಿತ್ತು. 1977ರ ಆಲ್ಬಮಿಗೆ ಅವರೇ ಇಟ್ಟ ಹೆಸರಿನ ಅರ್ಥ "ಸ್ಲೇಡ್‌ಗೆ ಏನಾಯ್ತು?". ಅದೂ ಮಾರಾಟವಾಗಲಿಲ್ಲ. ಫುಟ್‌ಬಾಲ್ ಹಾಡು, ಮಕ್ಕಳ ಕುಣಿತದ ಹಾಡು, ಎಲ್ಲ ಪ್ರಯತ್ನಿಸಿದರು. 1980ರಲ್ಲಿ ರೆಡಿಂಗ್ ಉತ್ಸವಕ್ಕೆ ಆಜಿ ಆಸ್ಬರ್ನ್ ಬರಲ್ಲ ಅಂದಾಗ ಕೊನೇ ಗಳಿಗೆಯಲ್ಲಿ ಇವರನ್ನ ಕರೆದರು. ಯಾರೂ ನಿರೀಕ್ಷೆ ಇಡದ ಹಳೇ ಬ್ಯಾಂಡು ಮೈದಾನವನ್ನೇ ಎಬ್ಬಿಸಿ ಹಾಡಿಸಿತು. 1981ರಲ್ಲಿ ಮತ್ತೆ ಮೊದಲ ಹತ್ತರೊಳಗೆ. 1983ರಲ್ಲಿ ಕ್ವಯಟ್ ರಯಟ್ ಅನ್ನೋ ಅಮೆರಿಕನ್ ಬ್ಯಾಂಡ್ 'ಕಮ್ ಆನ್ ಫೀಲ್ ದ ನಾಯ್ಜ್' ಹಾಡಿ ಅಲ್ಲಿ 5ನೇ ಸ್ಥಾನಕ್ಕೆ ಏರಿಸಿತು. ಹತ್ತು ವರ್ಷ ಕದ ತಟ್ಟಿದರೂ ತೆರೆಯದ ಅಮೆರಿಕಾ ಬೇರೆಯವರ ಬಾಯಲ್ಲಿ ತೆರೀತು. ಮರುವರ್ಷ ಇವರದೇ 'ರನ್ ರನ್‌ಅವೇ' ಕೂಡ ಅಲ್ಲಿ ಇಪ್ಪತ್ತರೊಳಗೆ ಬಂತು ಅನ್ನಿ. ಈ ಏಳುಬೀಳು ಕೇಳಿಸಬೇಕಾದ್ರೆ ಸೋತ ಹಾಡುಗಳೂ ತಮ್ಮ ಜಾಗದಲ್ಲೇ ಇರಬೇಕು. ಸಾಧ್ಯವಾದರೆ ಹಿಂಬದಿಯ ಹಾಡುಗಳೂ.

ಮೂರನೇದು, ಪುಸ್ತಿಕೆ. ಫೋಟೋ ಹಾಕ್ತಾರೆ, ಹೊಗಳಿಕೆ ಹಾಕ್ತಾರೆ. ಯಾವ ಟೇಪಿನಿಂದ ತಗೊಂಡ್ರಿ, ಅದು ಮೂಲವೋ ಕಾಪಿಯೋ, ಏನು ಮುಟ್ಟಿದ್ರಿ, ಏನು ಬಿಟ್ರಿ ಅಂತ ಎರಡು ಸಾಲು ಹಾಕೋರು ಬಹಳ ಕಮ್ಮಿ. ನಮ್ಮ ಆಫೀಸಿನಲ್ಲಿ ಒಂದು ಸೆಮಿಕೋಲನ್ ತಿದ್ದಿದ್ರೂ ಕಮಿಟ್ ಮೆಸೇಜ್ ಬರೀಬೇಕು. ಐವತ್ತು ವರ್ಷದ ಹಾಡು ತಿದ್ದೋರಿಗೆ ಆ ಕಟ್ಟುಪಾಡು ಬೇಡ್ವಾ?

ಕುತೂಹಲ ಇರೋರು ಮನೇಲೇ ಪರೀಕ್ಷೆ ಮಾಡಬಹುದು. ಒಂದೇ ಹಾಡಿನ ಎರಡು ಪ್ರತಿ ಹಿಡಿದುಕೊಳ್ಳಿ. ಮೊದಲು ಎರಡರ ಜೋರನ್ನೂ ಸಮ ಮಾಡಿ, ಇಲ್ಲದಿದ್ರೆ ಕಿವಿ ಮೋಸ ಹೋಗತ್ತೆ. ಯಾವುದು ಯಾವುದು ಅಂತ ನಿಮಗೆ ಗೊತ್ತಿರದ ಹಾಗೆ ಮನೆಯವರ ಕೈಲಿ ಹಾಕಿಸಿ. 'ಹೌ ಡಸ್ ಇಟ್ ಫೀಲ್' ಇಂದ ಶುರು ಮಾಡಿ, ಆಮೇಲೆ 'ಗುಡ್‌ಬೈ ಟಿ ಜೇನ್'. ಹೆಡ್‌ಫೋನ್ ಇದ್ರೆ ಒಳ್ಳೇದು. ನಿಮಗೆ ಇಟ್ಟಿಗೆ ಪ್ರತಿಯೇ ಇಷ್ಟವಾದರೆ ದಯವಿಟ್ಟು ಕಾಮೆಂಟಿನಲ್ಲಿ ಹೇಳಿ, ಜಗಳ ಆಡೋಣ :-) ಅದೇ ರೀತಿ ನಮ್ಮ ಹಳೇ ಕನ್ನಡ ಚಿತ್ರಗೀತೆಗಳ ಸಿ.ಡಿ.ಗಳನ್ನ ಯಾರಾದರೂ ಹೀಗೆ ಪಕ್ಕಪಕ್ಕ ಇಟ್ಟು ನೋಡಿದ್ದರೆ ಅದನ್ನೂ ಬರೀರಿ. ನನ್ನ ಹತ್ತಿರ ಜಿ.ಕೆ. ವೆಂಕಟೇಶ್ ಹಾಡುಗಳ ಒಂದೇ ಒಂದು ಪ್ರತಿ ಇದೆ, ಹೋಲಿಸೋಕೆ ಇನ್ನೊಂದು ಬೇಕು.